ಶಾರ್ಟ್

ಇಲ್ಲಿ ಪೈಸೆಗೆ ಬೈಸಾ ಅನ್ನುತ್ತಾರೆ.
ಒಂದು ಕಡಿಮೆ ಬಿದ್ದರೂ ಬೈಸಿಕೊಳ್ಳಬೇಕು.
ಹೆಸರಿಟ್ಟವರಿಗೆ ಕನ್ನಡ ಬರುತ್ತಿತ್ತೋ ಏನೋ
ಎಂದು ನಾನೊಬ್ಬಳೇ ನಗುತ್ತೇನೆ
ರೂವಿಯ ಹೈಪರ್‌ಮಾರ್ಕೆಟ್ಟಿನ ಏಳನೇ ಕೌಂಟರಿನಲ್ಲಿ,
ಹನ್ನೊಂದು ಗಂಟೆ, ನಿಂತ ಕಾಲಲ್ಲಿ.

ಬ್ಯಾಡ್ಜಿನಲ್ಲಿ ನಾನು ‘ಜಲ್’.
ಜಲಜಾಕ್ಷಿ ಎಂಬಷ್ಟು ಉದ್ದಕ್ಕೆ
ಆ ತಗಡಿನಲ್ಲಿ ಜಾಗವಿಲ್ಲವಂತೆ.
ಟೀಕ್, ಖರ್ಜೂರ. ಟೀಕ್, ಲಬಾನ್. ಟೀಕ್, ಡಯಾಪರ್.
ಬಾರ್‌ಕೋಡ್ ಹರಿದ ಸಾಬೂನು ಟೀಕ್ ಅನ್ನುವುದಿಲ್ಲ,
ಹಿಂದಿನ ಸಾಲು ನನ್ನನ್ನೇ ನೋಡುತ್ತದೆ.
ಚಿಲ್ಲರೆ ಇಲ್ಲದಿದ್ದರೆ ಚೂಯಿಂಗ್ ಗಮ್ ಕೊಡು
ಎನ್ನುತ್ತದೆ ಕಂಪೆನಿ.
ಗಿರಾಕಿ ಗಮ್ ಬೇಡವೆಂದರೆ
ಕಂಪೆನಿ ಏನೂ ಅನ್ನುವುದಿಲ್ಲ.

ರಾತ್ರಿ ಗಲ್ಲೆ ಎಣಿಸುವಾಗ
ಸೂಪರ್‌ವೈಸರ್ ಲೋಕಯ್ಯ ಸಾಲಿಯಾನರು
ತಲೆಯೆತ್ತದೆ ಬರೆಯುತ್ತಾರೆ: ಶಾರ್ಟ್, ಮುನ್ನೂರೈವತ್ತು.
ಹೆಚ್ಚು ಬಂದ ದಿನ ಬರೆಯಲು ಕಾಲಂ ಇಲ್ಲ.
ತಿಂಗಳ ಕೊನೆಗೆ ನನ್ನ ಎಂಬತ್ತು ರಿಯಾಲಿನಲ್ಲಿ
ಆರು ರಿಯಾಲಿನ ತೂತು.
ಕಾಪು ಕಡೆಯವರು, ನಮ್ಮವರೇ.
ನನ್ನೊಡನೆ ಮಾತ್ರ ಯಾವಾಗಲೂ ಹಿಂದಿ.

ಮಾತು ಮೊದಲು ಯಾರ ಬಾಯಲ್ಲಿ ಬಂತೆಂದು ಕೇಳಬೇಡಿ.
ಜೂನ್ ತಿಂಗಳು, ಕಂಪೆನಿ ಬಸ್ಸು, ಕೆಟ್ಟ ಎಸಿ.
ಯಾರೋ ಲೆಕ್ಕ ಮಾಡೋಣ ಅಂದರು.
ಮೂವತ್ತೊಂದು ಜನರ ಶಾರ್ಟ್, ಒಂದು ವರ್ಷದ್ದು.
ದಿಲ್‌ಮಾಯಾಳ ಮೊಬೈಲು ಸೀಟಿನಿಂದ ಸೀಟಿಗೆ ಹೋಯಿತು.
ಎರಡು ಸಾವಿರದ ಇನ್ನೂರು ಚಿಲ್ಲರೆ.
ಬಸ್ಸು ಸುಮ್ಮನಾಯಿತು.
ಆಮೇಲೆ ಶಿನೋಜ್ ಅಂದ:
ಅಂದರೆ ನಾವು ಅವರಿಗೆ ವರ್ಷಕ್ಕೊಂದು
ಸೆಕೆಂಡ್ ಹ್ಯಾಂಡ್ ಕಾರು ಕೊಡಿಸುತ್ತಿದ್ದೇವೆ.
ನಕ್ಕೆವು. ಡ್ರೈವರ್ ಗುಲ್‌ಜಮೀನ್ ಹಿಂತಿರುಗಿ ನೋಡುವಷ್ಟು.

ಕಾಗದ ಬೇಕಿತ್ತು, ಬಿಲ್ ರೋಲ್ ಇತ್ತು.
ಮೇಲೆ ಎರಡೇ ಸಾಲು: ಶಾರ್ಟ್ ಹಿಡಿಯಬೇಡಿ.
ಕೌಂಟರಿಗೊಂದು ಸ್ಟೂಲು ಕೊಡಿ.
ಕೆಳಗೆ ಹೆಸರುಗಳು, ಅವರವರ ಅಕ್ಷರದಲ್ಲಿ.
ಬಂಗಾಳಿಯ ಕೊಕ್ಕೆ, ಮಲಯಾಳದ ಸುರುಳಿ,
ರೋವೇನಾಳ ಹೆಸರಿನ ತಲೆಗೊಂದು ಹೃದಯ.
ಉಗುರಿನಲ್ಲಿ ಗೀರಿದರೂ ಕಪ್ಪು ಮೂಡುವ ಕಾಗದ ಅದು.
ತರಕಾರಿ ತೂಗುವ ಮಫೀಜುಲ್‌ಗೆ ಬರೆಯಲು ಬಾರದು,
ಹೆಬ್ಬೆರಳ ಉಗುರೊತ್ತಿ ಎಳೆದ.
ನಾನು ಬರೆದೆ, ತುಂಬ ವರ್ಷಗಳ ಮೇಲೆ, ಕನ್ನಡದಲ್ಲಿ,
ಪೂರ್ತಿ ಹೆಸರು. ಎಷ್ಟು ಉದ್ದವಾದರೂ
ಜಾಗ ಮುಗಿಯಲಿಲ್ಲ.

ಕೊನೆಗೆ ಎರಡು ತುದಿ ಸೇರಿಸಿ
ಅರ್ಧ ಬೆಲೆಯ ಹಳದಿ ಸ್ಟಿಕ್ಕರ್ ಅಂಟಿಸಿದಳು ದಿಲ್‌ಮಾಯಾ.
ಈಗ ಅದೊಂದು ದೊಡ್ಡ ಬಳೆ.
ಎಲ್ಲಿಂದ ಶುರು, ಹುಡುಕಿಕೊಳ್ಳಲಿ.

ಮ್ಯಾನೇಜರ್ ಅದನ್ನೇ ಕೇಳಿದ.
ಮೊದಲ ಹೆಸರು ಯಾರದು?
ಬಳೆಯನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ,
ಇನ್ನೊಂದು ಸುತ್ತು.
ಬೆರಳು ನನ್ನ ಹೆಸರಿನ ಮೇಲೆ ನಿಂತಿತು.
ಇದು ಯಾವ ಲಿಪಿ, ಸಾಲಿಯಾನ್?
ನಾವೆಲ್ಲ ಗೋಡೆಗೆ ಸಾಲಾಗಿ ನಿಂತಿದ್ದೆವು.
ನನ್ನ ಮೊಣಕಾಲು ತನ್ನಷ್ಟಕ್ಕೆ ನಡುಗುತ್ತಿತ್ತು.
ಸಾಲಿಯಾನರು ಕನ್ನಡಕ ತೆಗೆದರು,
ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು,
ಬಗ್ಗಿ ನೋಡಿದರು, ಬಹಳ ಹೊತ್ತು.
ಗೊತ್ತಾಗುವುದಿಲ್ಲ ಸಾರ್, ಅಂದರು.
ಸಿಂಹಳ ಇರಬೇಕು.

ನಮ್ಮಲ್ಲಿ ಸಿಂಹಳದವರು ಯಾರೂ ಇಲ್ಲ.

ಆಗಸ್ಟಿನ ಸಂಬಳದಲ್ಲಿ ಶಾರ್ಟ್ ಹಿಡಿಯಲಿಲ್ಲ.
ಸೆಪ್ಟೆಂಬರಿನಲ್ಲಿ ಅರ್ಧ ಹಿಡಿದರು, ಮತ್ತೆ ಕೇಳಿದೆವು.
ಸ್ಟೂಲು ಒಂದೇ ಬಂತು, ಹನ್ನೆರಡು ಕೌಂಟರಿಗೆ.
ಬಸುರಿ ರೋವೇನಾಳಿಗೆ ಬಿಟ್ಟುಕೊಟ್ಟೆವು.
ಮಫೀಜುಲ್‌ನ ವೀಸಾ ಮುಂದುವರಿಯಲಿಲ್ಲ.
ಯಾಕೆಂದು ಬರೆಯಲು ಕಾಲಂ ಇರಲಿಲ್ಲ.
ತಕ್ಕಡಿಯ ಪ್ಲಾಸ್ಟಿಕ್ಕಿನ ಮೇಲೆ ಅವನದೊಂದು ಉಗುರಿನ ಗೀರು
ಇದೆಯೆಂದು ಶಿನೋಜ್ ತೋರಿಸುತ್ತಾನೆ,
ನನಗೆ ಕಂಡದ್ದು ಚಾಕುವಿನ ಗುರುತು.
ಇರಲಿ ಅಂದುಕೊಂಡೆ.

ಮೊನ್ನೆ ನನ್ನ ಗಲ್ಲೆಯಲ್ಲಿ ಐವತ್ತು ಬೈಸಾ ಕಡಿಮೆ.
ಸಾಲಿಯಾನರು ಬೈದರು, ಮಾಮೂಲಿನಂತೆ, ಹಿಂದಿಯಲ್ಲಿ.
ಪುಸ್ತಕ ಮುಚ್ಚಿ, ಆಚೀಚೆ ನೋಡಿ,
ತಗ್ಗಿದ ದನಿಯಲ್ಲಿ ಕೇಳಿದರು:
‘ಕ್ಷ’ ಬರೆಯುವುದು ಹಾಗಾ, ಮಾರಾಯ್ತಿ?
ಯಾವ ಶಾಲೆ ನಿನ್ನದು?